ಅಕ್ಕನಿಗೆ ಹೂಮಾಲೆ ಯಾಕೆ?

ಪ್ರೀತಿಯ ತಮ್ಮಾ,

ಅಕ್ಕಮಹಾದೇವಿಯ ಮೇಲಿನ ನಿನ್ನ ಕಾದಂಬರಿ ಓದಿದೆ, ಜೊತೆಗಿದ್ದ ಕಾಗದವನ್ನೂ ಓದಿದೆ. ಬರೆಯುವುದನ್ನೇ ಬಿಡುತ್ತೇನೆ ಅಂದಿದ್ದೀಯ. ಬಿಡು. ಆದರೆ ಕಲ್ಯಾಣ ಪಟ್ಟಣದ ಅಧ್ಯಾಯ ಸರಿಮಾಡಿ ಬಿಡು. ಪ್ರಕಾಶಕರು, ಸಂಭಾವನೆ ಇತ್ಯಾದಿ ಬೇರೆ ಯಾರನ್ನಾದರೂ ಕೇಳು. ನನಗೆ ತಲೆನೋವು.

ನಿನ್ನ ಅಕ್ಕಮಹಾದೇವಿ ಅನುಭವ ಮಂಟಪಕ್ಕೆ ಕಾಲಿಟ್ಟ ಕೂಡಲೇ ಶರಣರೆಲ್ಲ ಎದ್ದು ಹೂಮಾಲೆ ಹಾಕುತ್ತಾರೆ. ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಹಾಗಿಲ್ಲವಲ್ಲ ಮಾರಾಯ! ಅಲ್ಲಿ ಅಲ್ಲಮ ಗಂಡ ಯಾರು ಅಂತ ಕೇಳುತ್ತಾನೆ. ಗುರುತು ಹೇಳಿದರೆ ಕೂರು, ಇಲ್ಲವಾದರೆ ಹೊರಡು. ಸೀರೆ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಅಂತಲೂ ಕೆಣಕುತ್ತಾನೆ. ಕಾಮನ ಮುದ್ರೆ ಕಂಡು ನಿಮಗೆ ನೋವಾದೀತು ಅಂತ ಮುಚ್ಚಿಕೊಂಡೆ ಅನ್ನುತ್ತಾಳೆ ಅಕ್ಕ. ತೊಂದರೆಯನ್ನು ನೋಡುವವರ ಕಣ್ಣಿಗೇ ದಾಟಿಸಿಬಿಟ್ಟಳು, ಅಲ್ವಾ? ಇಂಥ ಮಾತು ಬಿಟ್ಟು ಹೂಮಾಲೆ! ಅದೇ ಮಂಟಪದ ಬಸವಣ್ಣ ಒಂದು ವಚನದಲ್ಲಿ ಒಮ್ಮೆ ಗಂಡಾಗುತ್ತೇನೆ, ಒಮ್ಮೆ ಹೆಣ್ಣಾಗುತ್ತೇನೆ ಅನ್ನುತ್ತಾನೆ. ಅದಕ್ಕೆ ಯಾರೂ ವಿಚಾರಣೆ ಮಾಡಲಿಲ್ಲ.

ಶೂನ್ಯಸಂಪಾದನೆ ಸಿದ್ಧವಾದದ್ದು 15ನೇ ಶತಮಾನದಲ್ಲಿ. ಆ ಪ್ರಶ್ನೆಗಳಲ್ಲಿ 12ನೇ ಶತಮಾನದ ಕಸಿವಿಸಿ ಎಷ್ಟು, ಜೋಡಿಸಿದವರದ್ದು ಎಷ್ಟು? ತಲೆ ಕೆಡಿಸಿಕೊ. ಮದುವೆಯ ವಿಷಯವೂ ಅಷ್ಟೇ. ಅವಳ ಕಾಲಕ್ಕೆ ಹತ್ತಿರದ ಕವಿ ಹರಿಹರ, ರಾಜ ಕೌಶಿಕನ ಜೊತೆ ಮದುವೆಯಾಯಿತು, ಅವನು ಷರತ್ತು ಮುರಿದಾಗ ಬಿಟ್ಟು ಹೊರಟಳು ಅನ್ನುತ್ತಾನೆ. ಪ್ರಭುಲಿಂಗಲೀಲೆ ಬರೆದ ಚಾಮರಸ ಆಮೇಲೆ ಮದುವೆಯನ್ನೇ ತೆಗೆದುಹಾಕಿದ. ಗಂಡನನ್ನು ಬಿಟ್ಟವಳಿಗಿಂತ ಮದುವೆಯೇ ಆಗದವಳನ್ನು ಪೂಜಿಸುವುದು ಸುಲಭ. ನೀನೂ ಚಾಮರಸನ ದಾರಿ ಹಿಡಿದಿದ್ದೀಯ. ಹಿಡಿ, ಆದರೆ ಯಾಕೆ ಅಂತ ನಿನಗೆ ಗೊತ್ತಿರಲಿ.

ವಚನಕಾರ್ತಿ ಸೂಳೆ ಸಂಕವ್ವೆಗೆ ಒಂದೇ ಸಾಲು ಕೊಟ್ಟಿದ್ದೀಯ. ಅವಳದ್ದು ಉಳಿದಿರುವುದೂ ಒಂದೇ ವಚನ. ಒಬ್ಬರ ಒತ್ತೆ, ಅಂದರೆ ಮುಂಗಡ ಹಣ, ಹಿಡಿದ ಮೇಲೆ ಇನ್ನೊಬ್ಬರದ್ದು ಹಿಡಿಯೆ ಅಂತ ತನ್ನ ಕಸುಬಿನ ಮಾತಲ್ಲೇ ನಿಷ್ಠೆ ಹೇಳುತ್ತಾಳೆ. ಅವಳ ದೇವರು ನಿರ್ಲಜ್ಜೇಶ್ವರ! ಹಿಂದೆ ಒಬ್ಬ ಸಂಪಾದಕರು ಮನೆಮಂದಿ ಓದುವ ಪತ್ರಿಕೆ ಇದು ಅಂತ, ಅವಳ ಬಗ್ಗೆ ನಾನು ಬರೆದ ಪ್ಯಾರಾವನ್ನೇ ಕತ್ತರಿಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನದನ್ನು ಯಾರೂ ಮುಟ್ಟುವ ಮೊದಲೇ ನೀನೇ ಕತ್ತರಿ ಆಡಿಸಿದ್ದೀಯ.

ಅಕ್ಕ ಹುಟ್ಟಿದ ಉಡುತಡಿಯ ಪುಟಗಳು ಚೆನ್ನಾಗಿವೆ. ಸುಮ್ನೆ ಹೇಳುತ್ತಿಲ್ಲ. ಹರಿಹರ ಅಕ್ಕನ ಮೇಲೆ ಬರೆದ ರಗಳೆ ಹತ್ತಿರ ಇಲ್ಲದಿದ್ದರೆ ತಿಳಿಸು, ನನ್ನ ಪ್ರತಿ ಕಳಿಸುತ್ತೇನೆ. ವಾಪಸ್ ಬರಬೇಕು. ಹಿಂದೆ ಒಯ್ದವರು ಯಾರೂ ಪುಸ್ತಕ ಕೊಟ್ಟಿಲ್ಲ.