ಅಳತೆಕೋಲು ಫ್ಯಾಕ್ಟರಿ ಗೇಟಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಜೂನ್ 1ಕ್ಕೆ ಮಂಗಳೂರು ದಕ್ಕೆಯಲ್ಲಿ ಬೋಟುಗಳು ನಿಂತವು. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಟ್ರಾಲಿಂಗ್ ನಿಷೇಧ, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯಬಾರದು ಅನ್ನುವ ಮಳೆಗಾಲದ ನಿಯಮ, ಶುರುವಾದದ್ದು ಜೂನ್ 9ರ ನಡುರಾತ್ರಿ. ಮುಗಿಯುವುದು ಎರಡೂ ಕಡೆ ಜುಲೈ 31ಕ್ಕೇ. ಅಲ್ಲಿ 61 ದಿನ, ಇಲ್ಲಿ 52. ನಾನು ಮೀನು ಮಾರುವುದು ಉಪ್ಪಳದಲ್ಲಿ. ತಲಪಾಡಿ ಗಡಿಗೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. ಮಧ್ಯದ ಆ ಒಂಬತ್ತು ದಿನ ಗಿರಾಕಿಗಳು ಕೇಳಿದ್ದೇ ಕೇಳಿದ್ದು: "ಅಕ್ಕಾ, ಮಂಗಳೂರಲ್ಲಿ ಬಂದ್ ಅಂತಲ್ಲ, ನಿಮಗೆ ಎಲ್ಲಿಂದ ಬಂತು ಮೀನು?" ನಾನೇನು ಹೇಳಲಿ? ತಲಪಾಡಿಯಿಂದ ತೆಂಕಿಗೆ ಬಂದ ಬೂತಾಯಿ (ಸಾರ್ಡೀನ್ ಮೀನು) ಮೊಟ್ಟೆ ಇಡುವುದನ್ನು ಒಂಬತ್ತು ದಿನ ಮುಂದೆ ಹಾಕುವುದಿಲ್ಲ ಅಲ್ವಾ?

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ದಡದಿಂದ 12 ನಾಟಿಕಲ್ ಮೈಲಿನವರೆಗೆ ಆಯಾ ರಾಜ್ಯದ ಕಾನೂನು, ಅದರಾಚೆ ದೆಹಲಿಯದ್ದು. ದೆಹಲಿಯದ್ದೂ 61 ದಿನವೇ. ಕೇರಳ 1988ರಲ್ಲೇ ನಿಷೇಧ ತಂದ ರಾಜ್ಯ, ಅದಕ್ಕೆ ಮೆಚ್ಚಲೇಬೇಕು. ಆದರೆ ಒಂದೇ ಕಡಲಿಗೆ ಎರಡು ಕ್ಯಾಲೆಂಡರ್ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇರಲಿ, ಒಂಬತ್ತು ದಿನದ ಲೆಕ್ಕ ಸಣ್ಣದು. ನಾನು ಬರೆಯಲು ಕೂತದ್ದು ಸಣ್ಣ ಮೀನಿನ ಬಗ್ಗೆ.

ನಾನು ಚಿಕ್ಕವಳಿದ್ದಾಗ ಕೆಲವು ವರ್ಷ ಬೂತಾಯಿ ಎಷ್ಟು ಬೀಳುತ್ತಿತ್ತು ಅಂದರೆ, ಮಾರಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಅಮ್ಮ ಬುಟ್ಟಿ ಹೊತ್ತು ಮನೆ ಮನೆಗೆ ಹೋದರೆ ಲೆಕ್ಕದ ಮೇಲೆ ನಾಲ್ಕು ಜಾಸ್ತಿಯೇ ಕೊಟ್ಟು ಬರುತ್ತಿದ್ದಳು. ಕೊಚ್ಚಿಯಲ್ಲಿರುವ ಕೇಂದ್ರ ಸರ್ಕಾರದ ಕಡಲ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಲೆಕ್ಕದಲ್ಲಿ 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ಸೊನ್ನೆ ಬಿಟ್ಟುಹೋಗಿದೆಯೇನೋ ಅಂತ ನಾನು ಎರಡು ಸಲ ಓದಿದೆ. ಆ ವರ್ಷ ನನ್ನ ಹಲಗೆಯ ಮೇಲೆ ಬೂತಾಯಿ ಕಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಎಲ್ಲದಕ್ಕೂ ಬಲೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಕಡಲು ಬಿಸಿಯಾದರೆ, ದೂರದ ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋ ಬಂದರೆ ಬೂತಾಯಿ ಕಡಿಮೆಯಾಗುತ್ತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಬಿಸಿಲನ್ನು ನಾವು ಹಿಡಿದು ನಿಲ್ಲಿಸಲಾರೆವು. ಬಲೆಯನ್ನಾದರೂ ಹಿಡಿಯಬಹುದಲ್ಲ?

ಕೇರಳದಲ್ಲಿ 2015ರಿಂದ ಒಂದು ಒಳ್ಳೆಯ ನಿಯಮ ಇದೆ. ಬೂತಾಯಿ 10 ಸೆಂಟಿಮೀಟರ್‌ಗಿಂತ, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ. ಮೊದಲು 14 ಜಾತಿ ಮೀನಿಗೆ ಇತ್ತು, ಆಮೇಲೆ 58ಕ್ಕೆ ಏರಿಸಿದರು. ತಪಾಸಣೆಗೆ ಬಂದವರು ದೋಣಿ ಹತ್ತಿ ಕೋಲು ಇಟ್ಟು ಅಳೆಯುತ್ತಾರೆ, ದಂಡ ಹಾಕುತ್ತಾರೆ. ಸರಿಯೇ. ಆದರೆ ಬೆರಳುದ್ದದ ಬೂತಾಯಿಯನ್ನು ಯಾವ ಮನೆಯವರೂ ನನ್ನ ಹತ್ತಿರ ಕೊಳ್ಳುವುದಿಲ್ಲ. ಕೊಯ್ಯಲು ಬೇಜಾರು, ಬಾಯಿಗೆ ಬರೀ ಮುಳ್ಳು. ಹಾಗಾದರೆ ಅದನ್ನು ಹಿಡಿಯುವುದು ಯಾರಿಗಾಗಿ? ಫಿಶ್‌ಮೀಲ್ ಫ್ಯಾಕ್ಟರಿಗೆ. ಅಲ್ಲಿ ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಒಣಗಿಸಿ ಹುಡಿ ಮಾಡುತ್ತಾರೆ. ಹುಡಿಗೆ ಮೀನಿನ ಉದ್ದ ಎಷ್ಟಿದ್ದರೇನು! ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಹೀಗೆ ಕೊಳ್ಳುವವರು ಇರುವವರೆಗೆ ದೋಣಿಯವನಿಗೆ ಮಾತ್ರ ದಂಡ ಹಾಕಿದರೆ ಏನು ಬಂತು? ಡೀಸೆಲಿಗೆ ಸಾಲ ಮಾಡಿದವನು ಬಲೆಗೆ ಬಿದ್ದದ್ದನ್ನು ವಾಪಸ್ ಕಡಲಿಗೆ ಸುರಿಯಲಾರ. ಅಳೆಯುವ ಕೋಲನ್ನು ಫ್ಯಾಕ್ಟರಿ ಗೇಟಿಗೂ ತರಬೇಕು. ಮರಿಮೀನಿನ ಲಾರಿ ಕಾಸರಗೋಡಿನಿಂದ ಹೋಗಲಿ, ಮಲ್ಪೆಯಿಂದ ಬರಲಿ, ಕೊಂಡವರಿಗೂ ದಂಡ ಬೀಳಬೇಕು. ಲಾರಿಗೆ ತಲಪಾಡಿ ದಾಟಲು ಹತ್ತು ನಿಮಿಷ ಸಾಕು. ಹಾಗಾಗಿ ಇದನ್ನು ಒಂದು ರಾಜ್ಯ ಮಾಡಿದರೆ ಆಗದು, ದೆಹಲಿಯೇ ಇಡೀ ಪಡುವಣ ಕರಾವಳಿಗೆ ಒಂದೇ ನಿಯಮ ತರಬೇಕು. 2017ರಲ್ಲಿ ಬೆಳಕು ಬಿಟ್ಟು ಮೀನು ಹಿಡಿಯುವುದನ್ನು ನಿಲ್ಲಿಸಿ ಅಂತ ಆದೇಶ ಕೊಟ್ಟವರಿಗೆ ಇದೇನು ಕಷ್ಟದ ಕೆಲಸ ಅಲ್ಲ.

ಇನ್ನು ಮೀನು ಸಾಕಣೆ. 2020ರಲ್ಲಿ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂತು. 20,050 ಕೋಟಿ ರೂಪಾಯಿ, ಗುರಿ 220 ಲಕ್ಷ ಟನ್ ಮೀನು. ಗುರಿ ಟನ್ನಿನಲ್ಲೇ ಯಾಕೆ ಇರುತ್ತದೋ. ಕಡಲಲ್ಲಿ ಕಡಿಮೆಯಾದದ್ದನ್ನು ಕೆರೆಯಲ್ಲಿ ಬೆಳೆಸೋಣ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸಾಕುವ ಸಿಗಡಿಯ ತಿಂಡಿಯಲ್ಲಿ ಇರುವುದು ಇದೇ ಬೂತಾಯಿಯ ಹುಡಿ. ನಮ್ಮ ಬಡವರ ಮೀನನ್ನು ತಿನ್ನಿಸಿ ಹೊರದೇಶಕ್ಕೆ ಸಿಗಡಿ ಕಳಿಸುವುದು ಸಾಕಣೆಯಾ, ಸುಮ್ನೆ ಮೀನಿನ ಜಾಗ ಬದಲಿಸಿದ್ದಾ?

ತಿಂಡಿಯೇ ಬೇಡದ ಸಾಕಣೆ ನಮ್ಮ ಜಿಲ್ಲೆಯಲ್ಲೇ ಇದೆ. ಪಡನ್ನ, ಚೆರುವತ್ತೂರು, ತೃಕ್ಕರಿಪುರದ ಹಿನ್ನೀರಿನಲ್ಲಿ 1990ರ ದಶಕದಿಂದ ಪಚ್ಚಿಲೆ ಅನ್ನುವ ಚಿಪ್ಪುಜೀವಿಯನ್ನು ಬೆಳೆಸುತ್ತಾರೆ. ಅವರು ಕಲ್ಲುಮ್ಮಕ್ಕಾಯಿ ಅನ್ನುತ್ತಾರೆ. ಅಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳೇ ಮುಂದೆ. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿ ಹಗ್ಗಕ್ಕೆ ಅಂಟಿಕೊಂಡಿರುತ್ತದೆ. ನೀರನ್ನು ಸೋಸಿ ಅದರಲ್ಲಿ ಸಿಕ್ಕಿದ್ದನ್ನೇ ತಿಂದು ಐದಾರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಮುಂದಿನ ಮಳೆಗೆ ನೀರು ಸಿಹಿಯಾಗುವ ಮೊದಲು ತೆಗೆದುಬಿಡಬೇಕು, ಇಲ್ಲದಿದ್ದರೆ ಸತ್ತೇಹೋಗುತ್ತದೆ. ತೊಂದರೆ ಇರುವುದು ಮರಿಯಲ್ಲಿ. ಅದನ್ನು ಕಡಲ ಬಂಡೆಯಿಂದಲೇ ಕೆರೆದು ತರಬೇಕು. ಬಂಡೆ ಬೋಳಾದರೆ ಮುಂದೇನು? ಇಲ್ಲೊಂದು ಪಚ್ಚಿಲೆ ಮರಿ ಕೇಂದ್ರ ಮಾಡಲು ಆ ಕೋಟಿಗಳಲ್ಲಿ ಒಂದು ಚೂರು ಸಾಕು. ಮಂಜೇಶ್ವರ, ಶಿರಿಯ, ಮೊಗ್ರಾಲಿನ ಹೊಳೆಬಾಯಲ್ಲೂ ಇದು ಆಗುತ್ತದಾ ಅಂತ ಒಮ್ಮೆ ನೋಡಿಬಿಡಲಿ.

ಕೆಲಸ ನಿಂತ ದಿನಗಳಿಗೆ ಕೊಡುವ ಉಳಿತಾಯ ಪರಿಹಾರದ ಬಗ್ಗೆ ಒಂದು ಮಾತು. ಒಟ್ಟು 4,500 ರೂಪಾಯಿ, ಅದರಲ್ಲಿ 1,500 ಮೀನುಗಾರರೇ ಕಟ್ಟಿದ ದುಡ್ಡು. ತಿಂಗಳಿಗೆ 1,500ರ ಹಾಗೆ ಮೂರು ತಿಂಗಳು ಸಿಗುತ್ತದೆ. ದಿನಕ್ಕೆ 50 ರೂಪಾಯಿ. ಮೂರು ಮಕ್ಕಳ ಮನೆಗೆ ಇದು ಅಕ್ಕಿಗೂ ಸಾಲದು. ಹೊಟ್ಟೆ ತುಂಬಿದವನಿಗೆ ನಿಯಮ ಹೇಳಿದರೆ ಕೇಳುತ್ತಾನೆ.

ಕೊನೆಗೆ ನಮ್ಮ ಭಾಷೆಯ ತಾಪತ್ರಯ. ಹೋದ ವರ್ಷ ಒಂದು ಕಚೇರಿಯ ಗೋಡೆಯಲ್ಲಿ ಹಿಡಿಯಬಾರದ ಗಾತ್ರದ ಪಟ್ಟಿ ನೋಡಿದೆ. ಪೂರ್ತಿ ಮಲಯಾಳದಲ್ಲಿತ್ತು. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಪಕ್ಕದಲ್ಲಿದ್ದವರ ಹತ್ತಿರ ಓದಿಸಿದೆ. 'ಕಿಳಿಮೀನ್' ಅಂದರು. ಅದು ನಮ್ಮ ಮದ್ಮಲ್ ಅಂತ ತಿಳಿಯಲು ಇನ್ನಿಬ್ಬರನ್ನು ಕೇಳಬೇಕಾಯಿತು. ಇಲ್ಲಿ ಕನ್ನಡದವರು ಇದ್ದೇವೆ ಅಂತ ಸರ್ಕಾರಕ್ಕೆ ಗೊತ್ತಿಲ್ಲದ ವಿಷಯ ಅಲ್ಲ. ಆಗಸ್ಟ್ 1ಕ್ಕೆ ಬೋಟುಗಳು ಇಳಿಯುತ್ತವೆ. ಅಷ್ಟರೊಳಗೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಪ್ರತಿ ಏಲಂ ಜಾಗದಲ್ಲಿ ಮೀನಿನ ಚಿತ್ರ, ನಾವು ಕರೆಯುವ ಹೆಸರು, ಪಕ್ಕದಲ್ಲಿ ಅಳತೆ, ಇಷ್ಟು ಕನ್ನಡದಲ್ಲಿ ಬರೆದು ಅಂಟಿಸಲಿ.

– ಮೀನು ಮಾರುವ ಒಬ್ಬ ಹೆಂಗಸು, ಉಪ್ಪಳ