ವಿಮೆ ದಿಲ್ಲಿಯದು, ಆಸ್ಪತ್ರೆ ನಮ್ಮದು

ಸಂಪಾದಕರಿಗೆ,

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ವಯಸ್ಸು 54. ನೌಕರಿ ಇಲ್ಲ, ಹಾಗಾಗಿ ಆರೋಗ್ಯ ವಿಮೆಯ ದುಡ್ಡು ನನ್ನ ಜೇಬಿನಿಂದಲೇ ಹೋಗಬೇಕು. ಹೋದ ಸಲ ಗಂಡ ಹೆಂಡತಿ ಇಬ್ಬರಿಗೆ ತೆರಿಗೆ ಸೇರಿ 29 ಸಾವಿರ ಕಟ್ಟಿದ್ದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಪೂರ್ತಿ ಹೋಯಿತು. ಮನೆಯಲ್ಲಿ ಖುಷಿಪಟ್ಟಿದ್ದೆವು. ಈಗ ರಿನೀವಲ್ ಮೆಸೇಜ್ ಬಂದಿದೆ: ತೆರಿಗೆ ಇಲ್ಲದೆಯೇ 31 ಸಾವಿರ.

60 ದಾಟಿದವರಿಗೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಮಾತಾಡಬೇಕು. ನನಗೆ ಆ ರಕ್ಷಣೆಯೂ ಇಲ್ಲ. ಪಾಲಿಸಿ ಬಿಡೋಣ ಅಂದರೆ ಹೆಂಡತಿಗೆ ಶುಗರ್. ಬಿಟ್ಟು ಆಮೇಲೆ ಹೊಸದು ಮಾಡಿಸಿದರೆ ಶುಗರಿನ ಚಿಕಿತ್ಸೆಗೆ ವಿಮೆ ಸಿಗಲು 3 ವರ್ಷದವರೆಗೂ ಕಾಯಬೇಕಾಗಬಹುದು.

ಕಂಪನಿಯವರನ್ನು ಕೇಳಿದರೆ, ‘ಆಸ್ಪತ್ರೆ ಬಿಲ್ ಏರಿದೆ ಸಾರ್’ ಅಂತಾರೆ. ಅದು ಸುಳ್ಳೇನಲ್ಲ. ಹೋದ ವರ್ಷ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಕೌಂಟರಿನಲ್ಲಿ ಮೊದಲು ಕೇಳಿದ್ದೇ ‘ಕ್ಯಾಶಾ, ಇನ್ಶೂರೆನ್ಸಾ?’ ಅಂತ. ಕ್ಯಾಶ್ ಆದರೆ 70 ಸಾವಿರ, ಇನ್ಶೂರೆನ್ಸ್ ಆದರೆ 1 ಲಕ್ಷದ 5 ಸಾವಿರ. ಅದೇ ಡಾಕ್ಟರು, ಅದೇ ವಾರ್ಡು, ಅದೇ ಎರಡು ದಿನ. ಕಂಪನಿ ತಾನೇ ಕೊಡೋದು ಅಂತ ನಾನೂ ಸುಮ್ನಿದ್ದೆ. ಆ 35 ಸಾವಿರ ನನ್ನಂಥವರೆಲ್ಲರ ಪ್ರೀಮಿಯಂ ಆಗಿ ವಾಪಸ್ ಬರುತ್ತದೆ ಅಂತ ಈಗ ಅರ್ಥವಾಗಿದೆ.

ವಿಮೆ ಕೇಂದ್ರದ ಪಟ್ಟಿಯಲ್ಲಿದೆ. ಪ್ರೀಮಿಯಂ ಇಷ್ಟೇ ಇರಲಿ ಅಂತ ನಮ್ಮ ವಿಧಾನಸಭೆ ಕಾನೂನು ಮಾಡಲಾಗದು. ಆದರೆ ಆಸ್ಪತ್ರೆ ಇರುವುದು ರಾಜ್ಯದ ಪಟ್ಟಿಯಲ್ಲಿ ಅಲ್ವಾ? ಖಾಸಗಿ ಆಸ್ಪತ್ರೆಗಳಿಗಾಗಿ 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಇದೆ. 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದಕ್ಕೆ ತಿದ್ದುಪಡಿ ತಂದು ಚಿಕಿತ್ಸೆಯ ದರಕ್ಕೆ ಕಡಿವಾಣ ಹಾಕಲು ಹೊರಟರು. ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಮುಷ್ಕರಕ್ಕೆ ಇಳಿದರು. ಕೊನೆಗೆ ಪಾಸಾದ ಕಾನೂನಿನಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಸ್ವಂತ ದುಡ್ಡಿನಲ್ಲಿ, ಸ್ವಂತ ವಿಮೆಯಲ್ಲಿ ಹೋಗುವ ನಾವು ಹೊರಗೇ ಉಳಿದೆವು.

ತಾಲ್ಲೂಕಿನ ನರ್ಸಿಂಗ್ ಹೋಮಿಗೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಒಂದೇ ದರ ಹೇಗೆ ಸಾಧ್ಯ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಊರು, ಸೌಲಭ್ಯ ನೋಡಿ ಬೇರೆ ಬೇರೆ ಮಿತಿ ಇಡಲಿ. ಆದರೆ ಒಂದೇ ಆಸ್ಪತ್ರೆ ಒಂದೇ ಆಪರೇಷನ್ನಿಗೆ ಎರಡು ರೇಟು ಹೇಳಬಾರದು. ಇಷ್ಟನ್ನಾದರೂ ಕಾಯ್ದೆಗೆ ಸೇರಿಸಲಿ.

ದರ ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮದೇ ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. 2022ರಲ್ಲಿ ಮತ್ತೆ ಬಂದಾಗ ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ 500, ಪಟ್ಟಣದಲ್ಲಿ 1,000 ರೂಪಾಯಿ, ಚಿಕಿತ್ಸೆಗೆ 5 ಲಕ್ಷದವರೆಗೆ. ಸರ್ಕಾರದ ದುಡ್ಡೂ ಸೇರಿದೆ, ನಿಜ. ಆದರೆ ಆಸ್ಪತ್ರೆ ಮನಸ್ಸಿಗೆ ಬಂದಷ್ಟು ಬಿಲ್ ಹಾಕುವಂತಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಅದು ಸಹಕಾರ ಸಂಘಗಳ ಸದಸ್ಯರಿಗೆ ಮಾಡಿದ ಯೋಜನೆ. ಯಾವ ಸಂಘದಲ್ಲೂ ಇಲ್ಲದ ಟೈಲರ್, ಡ್ರೈವರ್, ಚಿಲ್ಲರೆ ಅಂಗಡಿಯವರಿಗೂ ಅದನ್ನು ತೆರೆಯಲಿ. ನಮಗೆ ಪುಕ್ಕಟೆ ಬೇಡ. ವರ್ಷಕ್ಕೆ 5 ಸಾವಿರ ಅಂದರೂ ಸಂತೋಷವಾಗಿ ಕಟ್ಟುತ್ತೇನೆ.

ನಮ್ಮ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ. 2017ರಲ್ಲಿ ಬಿಟ್ಟುಹೋದ ಆ ಮಾತನ್ನು ಅಲ್ಲಿಂದಲೇ ಮತ್ತೆ ಎತ್ತಿಕೊಳ್ಳಲಿ.

ಒಬ್ಬ ಟೈಲರ್, ದಾವಣಗೆರೆ