ಕಪಾಲಭಾತಿಯಲ್ಲಿ ಎಣಿಕೆಯ ಪೈಪೋಟಿ ಯಾಕೆ?

ಮಾನ್ಯ ಸಂಪಾದಕರೇ,

ಜೂನ್ 21ರ ಯೋಗ ದಿನ ಹತ್ತಿರ ಬಂದರೆ ಸಾಕು, ಮೈಸೂರಿನ ಪಾರ್ಕುಗಳಲ್ಲಿ ಯೋಗದ ಗುಂಪುಗಳು ಜಾಸ್ತಿಯಾಗುತ್ತವೆ. ಸಂತೋಷದ ವಿಷಯವೇ. ಆದರೆ ಉಸಿರನ್ನು ಒಂದೇ ಸಮನೆ ರಭಸವಾಗಿ ಹೊರದೂಡುವ ಕಪಾಲಭಾತಿಯ ಸರದಿ ಬಂದಾಗ ಮೈಕಿನಲ್ಲಿ ಕೇಳಿಸುವುದು ‘ಇನ್ನೂ ಜೋರಾಗಿ, ಇನ್ನೂ ಫಾಸ್ಟ್, ನೂರಾಯ್ತು, ಇನ್ನೂರಾಯ್ತು’ ಎಂಬ ಕೂಗು. ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತರ ಅಜ್ಜಿಗೂ ಒಂದೇ ವೇಗ, ಒಂದೇ ಲೆಕ್ಕ. ಕಪಾಲಭಾತಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಈ ಲೆಕ್ಕದ ಬಗ್ಗೆ.

ಯೋಗ ದಿನಕ್ಕೆಂದು ಆಯುಷ್ ಸಚಿವಾಲಯವೇ ಕೈಪಿಡಿ ಹೊರಡಿಸಿದೆ. ಹೊಸಬರಿಗೆ ಒಂದು ಸುತ್ತಿಗೆ 20 ಉಸಿರು, ಹೆಚ್ಚೆಂದರೆ 3 ಸುತ್ತು ಎಂದು ಅದರಲ್ಲಿದೆ. ಹೃದಯದ ತೊಂದರೆ, ಬಿಪಿ, ತಲೆಸುತ್ತು, ಮೂರ್ಛೆರೋಗ, ಮೈಗ್ರೇನ್, ಹರ್ನಿಯಾ, ಹೊಟ್ಟೆಯ ಅಲ್ಸರ್ ಇರುವವರು ಮಾಡಬಾರದು ಎಂದೂ ಇದೆ. ಬಸುರಿಯರಿಗಂತೂ ಇದು ಬೇಡವೇ ಬೇಡ. ಬೆಳಿಗ್ಗೆ ಪಾರ್ಕಿಗೆ ಬರುವ ಹಿರಿಯರಲ್ಲಿ ಬಿಪಿ ಮಾತ್ರೆ ನುಂಗದವರು ಎಷ್ಟು ಮಂದಿ ಇದ್ದಾರು? ಈ ಸಾಲುಗಳನ್ನು ಮೈಕಿನಲ್ಲಿ ಓದಲು ಒಂದು ನಿಮಿಷವೂ ಬೇಡ, ಅಲ್ವಾ?

‘ಜೋರಾಗಿ ಮಾಡಿದಷ್ಟೂ ಆಮ್ಲಜನಕ ಜಾಸ್ತಿ ಸಿಗುತ್ತದೆ’ ಎನ್ನುವ ಮಾತೂ ಕೇಳಿಬರುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ. ಅತಿಯಾಗಿ ಉಸಿರು ದೂಡಿದಾಗ ಇಳಿಯುವುದು ಕಾರ್ಬನ್ ಡೈಆಕ್ಸೈಡ್. ಅದು ತೀರಾ ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ತುಟಿ ಮತ್ತು ಬೆರಳ ತುದಿ ಜುಮುಜುಮು ಅನ್ನುತ್ತವೆ. ಇದನ್ನು ‘ಶಕ್ತಿಸಂಚಾರ’ ಎಂದು ಹೊಗಳಿ ಮುಂದುವರಿಸುವವರಿದ್ದಾರೆ. ಹಾಗಾದ ಕೂಡಲೇ ನಿಲ್ಲಿಸಿ, ಸುಮ್ನೆ ಕೂತು ಸಹಜವಾಗಿ ಉಸಿರಾಡಬೇಕು.

ಇನ್ನೊಂದು ಗೊಂದಲ. ಕಪಾಲಭಾತಿಯಲ್ಲಿ ಹೊಟ್ಟೆ ಒಳಗೆಳೆದು ಉಸಿರನ್ನು ಹೊರಗೆ ದೂಡುತ್ತೇವೆ, ಒಳಗೆ ಬರುವ ಉಸಿರು ತಾನಾಗಿ ಬರಬೇಕು. ಎರಡನ್ನೂ ಕುಲುಮೆಯ ತಿದಿಯಂತೆ ರಭಸವಾಗಿ ಮಾಡಿದರೆ ಅದು ಭಸ್ತ್ರಿಕಾ. ಅವಸರದಲ್ಲಿ ಎರಡೂ ಕಲಸಿಹೋಗುತ್ತವೆ. ಭುಜ ಕುಣಿಯುತ್ತಿದ್ದರೆ, ಮುಖ ಬಿಗಿಯುತ್ತಿದ್ದರೆ ವೇಗ ಜಾಸ್ತಿಯಾಗಿದೆ ಎಂದೇ ಲೆಕ್ಕ. ಹೊಟ್ಟೆಯೂ ಖಾಲಿ ಇರಬೇಕು. (ಕಾಫಿ ಕುಡಿಯದೆ ಮನೆ ಬಿಡುವುದು ನಮ್ಮೂರಿನವರಿಗೆ ಕಷ್ಟ, ಒಪ್ಪುತ್ತೇನೆ.)

ಕಪಾಲಭಾತಿ ಮಾಡಿದ 29 ವರ್ಷದ ಆರೋಗ್ಯವಂತ ಮಹಿಳೆಯೊಬ್ಬರ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನೊಳಗೆ ಸೇರಿಕೊಂಡ ಪ್ರಕರಣ 2004ರಲ್ಲಿ ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಂಥದ್ದು ತೀರಾ ಅಪರೂಪ. ಇದನ್ನು ಕೇಳಿ ಯೋಗವನ್ನೇ ಬಿಡಬೇಕಾಗಿಲ್ಲ. ಆದರೆ ‘ಪ್ರಾಣಾಯಾಮದಿಂದ ಕೆಟ್ಟದ್ದಾಗುವುದೇ ಇಲ್ಲ’ ಎಂದು ಅಪ್ಪಣೆ ಕೊಡಿಸುವವರು ಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯನ್ನಾದರೂ ತಿರುವಿ ನೋಡಲಿ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಉಸಿರನ್ನು ನಿಧಾನವಾಗಿ ಹಿಡಿತಕ್ಕೆ ತರಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಅದರಲ್ಲೇ ಇದೆ.

ಪಾರ್ಕಿನಲ್ಲಿ ಶಿಬಿರಕ್ಕೆ ಅನುಮತಿ ಕೊಡುವಾಗ ಪಾಲಿಕೆ ಎರಡೇ ಷರತ್ತು ಹಾಕಲಿ. ಕಪಾಲಭಾತಿಗೆ ಮುಂಚೆ ಯಾರು ಮಾಡಬಾರದು ಎಂಬುದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಮೈಕಿನಲ್ಲಿ ಎಣಿಕೆ ಕೂಡದು. ಮಾಡಲಾಗದವರನ್ನು ಸೋಮಾರಿಗಳೆಂದು ಛೇಡಿಸುವ ಬದಲು ಶಿಕ್ಷಕರು ಅವರಿಂದ ಅಷ್ಟು ಹೊತ್ತು ದುಂಬಿಯಂತೆ ಗುಂಯ್‌ಗುಡುತ್ತಾ ನಿಧಾನವಾಗಿ ಉಸಿರು ಬಿಡುವ ಭ್ರಾಮರಿ ಮಾಡಿಸಬಹುದು.

– ಓದುಗರೊಬ್ಬರು, ಮೈಸೂರು